ಡೇವಿಡ್‌ನ ಮನೆಯ ಕಂದಕ

ಮಸ್ಕತ್ತಿನಲ್ಲಿ ಬಹಳ ವರ್ಷ ಇದ್ದವರಿಗೆ ನೀರಿನ ವಿಷಯದಲ್ಲಿ ತಲೆ ಸ್ವಲ್ಪ ಕೆಡುತ್ತದೆ. ಬೇರೆಯವರ ಮಾತು ಗೊತ್ತಿಲ್ಲ, ನನಗಂತೂ ಕೆಟ್ಟಿದೆ. ಮೈಸೂರಿನ ಕಡೆಯ ನಮ್ಮೂರಿನಲ್ಲಿ ಹಳೆಯ ಕೋಟೆಯ ಸುತ್ತ ಒಂದು ಕಂದಕವಿತ್ತು. ನಾನು ಈಜು ಕಲಿತದ್ದು ಅದರಲ್ಲಿ, ಎಮ್ಮೆಗಳ ಜೊತೆ. ಕಲಿಸಿದ್ದೂ ಎಮ್ಮೆಗಳೇ ಇರಬೇಕು ಎಂದು ನನ್ನ ಹೆಂಡತಿ ಸುಧಾ ಹೇಳುತ್ತಾಳೆ. ಈಗ ಅದನ್ನು ಮುಚ್ಚಿ ಬಸ್ ಸ್ಟ್ಯಾಂಡ್ ಮಾಡಿದ್ದಾರೆ. ರಜೆಗೆ ಹೋದಾಗ ನಾನು ಸೂಟ್‌ಕೇಸ್ ಹಿಡಿದು ಇಳಿಯುವುದು, ಹಿಂದೆ ಮುಳುಗೇಳುತ್ತಿದ್ದ ಜಾಗದಲ್ಲೇ.

ಇಂಥವನ ಪಕ್ಕದ ಮೇಜಿಗೆ ಆಫೀಸಿನವರು ಡೇವಿಡ್ ಎಂಬ ಇಂಗ್ಲಿಷ್ ಎಂಜಿನಿಯರನ್ನು ತಂದು ಕೂರಿಸಿದರು. ಊಟದ ಹೊತ್ತಿನಲ್ಲಿ ಅವನು ತನ್ನ ಹಳ್ಳಿಮನೆಯ ಗೋಳು ತೋಡಿಕೊಳ್ಳುತ್ತಿದ್ದ. ಮನೆಯ ಸುತ್ತ ಶತಮಾನಗಳ ಹಿಂದೆ ಯಾರೋ ಜಮೀನುದಾರ ತೋಡಿಸಿದ ಕಂದಕವಂತೆ. ಸರ್ಕಾರ ಅದನ್ನು ಸಂರಕ್ಷಿತ ಸ್ಮಾರಕ ಮಾಡಿದೆಯಂತೆ.

"ಒಂದು ಸೇಬಿನ ಗಿಡ ನೆಡೋಕೂ ಅನುಮತಿ ಬೇಕು," ಎಂದ.

ನಾನು ಚಪಾತಿ ಕೈಯಲ್ಲೇ ಹಿಡಿದು, "ನೀರಿದೆಯಾ?" ಎಂದು ಕೇಳಿದೆ.

"ಇದೆ. ಕೆಸರೂ ಇದೆ."

ಅಂದಿನಿಂದ ಅವನ ಮನೆಯನ್ನು ಅವನಿಗಿಂತ ನಾನೇ ಹೆಚ್ಚು ನೆನೆಯತೊಡಗಿದೆ.

ಕಳೆದ ಬೇಸಿಗೆಯಲ್ಲಿ, ಡೇವಿಡ್ ರಜೆಯ ಮೇಲೆ ಊರಲ್ಲಿದ್ದಾಗ, ನಾವೂ ಇಂಗ್ಲೆಂಡಿಗೆ ಹೋದೆವು. ಅರಮನೆ ನೋಡುವ ಆಸೆಯಲ್ಲಿದ್ದ ಸುಧಾಳನ್ನೂ ಮಗಳು ಅನಘಾಳನ್ನೂ ರೈಲು ಹತ್ತಿಸಿ ಅವನ ಹಳ್ಳಿಗೆ ಕರೆದೊಯ್ದೆ. ಬುರುಜು, ಎತ್ತುವ ಸೇತುವೆ ಏನೂ ಇರಲಿಲ್ಲ. ಒಂದು ಹಂಚಿನ ಮನೆ, ಅದರ ಸುತ್ತ ಚೌಕವಾಗಿ ಹಸಿರು ನೀರು, ನೀರಿನ ಮೇಲೆ ಬಾತುಕೋಳಿ.

"ಅಪ್ಪಾ, ಇಟ್ಸ್ ಜಸ್ಟ್ ಎ ಡಿಚ್," ಎಂದಳು ಮಗಳು.

"ಇದಕ್ಕೇನ್ರೀ ಲಂಡನ್ ಬಿಟ್ಟು ಬಂದಿದ್ದು?" ಎಂದಳು ಸುಧಾ.

ನಾನು ದಡದಲ್ಲಿ ಬಗ್ಗಿದೆ. ಕೊಳೆತ ಎಲೆ, ಕೆಸರು ಬೆರೆತ ವಾಸನೆ ಬಂತು. ಸಾಕ್ಷಾತ್ ನಮ್ಮೂರಿನದೇ. ಇನ್ನಷ್ಟು ಬಗ್ಗಿದೆ. ಕಾಲು ಜಾರಿತು. ಎದೆಮಟ್ಟದ ನೀರಿನಲ್ಲಿ ನಿಂತವನು ಮೇಲೆ ಬರುವ ಬದಲು ಶರ್ಟು ಪ್ಯಾಂಟಿನಲ್ಲೇ ಮೂಲೆಯವರೆಗೆ ಈಜಿಬಿಟ್ಟೆ.

"ರೀ, ಮೇಲೆ ಬನ್ನಿ, ಅವರೇನಂದ್ಕೋತಾರೆ," ಎಂದು ಸುಧಾ ಪಿಸುಗುಟ್ಟುತ್ತಿದ್ದಳು.

ಡೇವಿಡ್ ದಡದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. "ಚಿಕ್ಕವನಿದ್ದಾಗ ನಾನೂ ಇಲ್ಲಿ ಈಜ್ತಿದ್ದೆ. ಮರೆತೇ ಹೋಗಿತ್ತು," ಎಂದ ಮೆಲ್ಲಗೆ.

ಆ ಚಳಿಗಾಲದಲ್ಲಿ ಅವನು ಕೆಲಸ ಬಿಟ್ಟು ಊರಿಗೆ ಹೊರಟುಹೋದ. ಅವನಿಗೆ ಹೋಗಲು ಒಂದು ಕಂದಕವಿತ್ತು.

ನಾನು ಇಲ್ಲೇ ಇದ್ದೇನೆ. ಶುಕ್ರವಾರ ರಜೆ, ಮಸ್ಕತ್ತಿನಾಚೆಯ ಬರ್ಕಾದ ಕಡಲತೀರಕ್ಕೆ ಹೋಗುತ್ತೇವೆ. ಅನಘಾ ಅಲೆಗಳ ನಡುವೆ ನಿಂತು ಕೈಬೀಸಿ ಕರೆಯುತ್ತಾಳೆ. ನಾನು ಮರಳ ಮೇಲೆ ಕೂತೇ ಇರುತ್ತೇನೆ.

"ಇಷ್ಟು ದೊಡ್ಡ ಸಮುದ್ರ ಮುಂದಿದೆ, ಇಳಿಯೋಕೇನ್ರೀ ಕಷ್ಟ?" ಎನ್ನುತ್ತಾಳೆ ಸುಧಾ.

"ಬರೀ ಉಪ್ಪು ಕಣೇ," ಎನ್ನುತ್ತೇನೆ, ಗಂಭೀರವಾಗಿ. ನಿಜ ಏನೆಂದರೆ, ಅಲುಗಾಡುವ ನೀರಿನಲ್ಲಿ ನನಗೆ ಈಜು ಬರುವುದಿಲ್ಲ.