ಅಣ್ಣನ ಹೊಗೆ

“ಟೈರು ತಣ್ಣಗಿದೆಯಲ್ಲಪ್ಪಾ ಕನ್ನಡಕ,” ಎಂದು ಪಕ್ಕದ ಮನೆಯ ಡ್ರೈವರ್ ಮಾವ ಅಂದದ್ದೇ ಎಲ್ಲಕ್ಕೂ ಮೂಲ. ಬೇರೆ ಯಾರಾದರೂ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಾವ ಬದುಕಿಡೀ ಬಸ್ಸು ಓಡಿಸಿ ನಿವೃತ್ತರಾದವರು. ಬಸ್ಸು ಹೋದರೂ ಹಾರ್ನು ಅವರ ಗಂಟಲಲ್ಲೇ ಉಳಿದಿತ್ತು. ಅವರೊಂದು ಮಾತಾಡಿದರೆ ಬೀದಿಯ ಅಷ್ಟೂ ಕಿಟಕಿಗಳು ತೆರೆದುಕೊಳ್ಳುತ್ತಿದ್ದವು.

ಕನ್ನಡಕ ಎಂದರೆ ಬೀದಿ ಕೊನೆಯ ಕನ್ನಡಕದ ಅಂಗಡಿಯವ. ರಸ್ತೆ ದಾಟುವಾಗ ಎರಡೂ ಕಡೆ ನೋಡಿ, ಇನ್ನೊಮ್ಮೆ ನೋಡಿ, ಕೊನೆಗೆ ದಾಟುವುದೇ ಬೇಡವೆಂದು ಮನೆಗೆ ವಾಪಸಾಗುವ ಸ್ವಭಾವ. ಅಂಥವನ ಮನೆ ಮುಂದೆ ಆ ಭಾನುವಾರ ನಿಂತದ್ದು ಕೆಂಪು ಸ್ಪೋರ್ಟ್ಸ್ ಕಾರು. ಹಿಂದಿನ ವರ್ಷ ಕಾಯಿಲೆಯಲ್ಲಿ ತೀರಿಕೊಂಡ ಅಣ್ಣನದು.

ಅಣ್ಣ ಊರಿಗೆಲ್ಲ ಗೊತ್ತಿದ್ದ ಮನುಷ್ಯ. ವಿಮಾನ ಇಳಿಯುವುದು ನಿಂತುಹೋದ ಹಳೆಯ ರನ್‌ವೇಯಲ್ಲಿ ಭಾನುವಾರಗಳಂದು ನಡೆಯುವ ನೇರ ಓಟದಲ್ಲಿ ಅವನ ಕಾರೇ ಮುಂದು. ಓಟಕ್ಕೆ ಮುಂಚೆ ಅವನು ಟೈರು ಬಿಸಿ ಮಾಡಲು ಎಬ್ಬಿಸುತ್ತಿದ್ದ ಹೊಗೆಯನ್ನು ನೋಡಲೆಂದೇ ಜನ ಬರುತ್ತಿದ್ದರು. ಅಣ್ಣ ಹುಲಿ, ತಮ್ಮ ಇಲಿ ಎಂದು ಬೀದಿ ತೀರ್ಪು ಕೊಟ್ಟು ಬಹಳ ಕಾಲವಾಗಿತ್ತು. ತಮ್ಮನೂ ಅದಕ್ಕೆ ಮೇಲ್ಮನವಿ ಹಾಕಿರಲಿಲ್ಲ.

ಆದರೆ ಹಿಂದಿನ ವಾರ ಊಟಕ್ಕೆ ಬಂದಿದ್ದ ಅತ್ತಿಗೆ, “ಕಾರು ಮಾರಿಬಿಡ್ತೀನಿ. ಅದನ್ನ ತಗೊಂಡು ಹೋಗೋರಿಲ್ಲ,” ಅಂದರು. ಆ ಕಾರಿನ ಬಾಗಿಲು ತೆರೆದರೆ ಈಗಲೂ ಅಣ್ಣನ ಶೇವಿಂಗ್ ಸೋಪಿನ ವಾಸನೆ ಬರುತ್ತಿತ್ತು. ಅದು ಯಾರೋ ಗೊತ್ತಿಲ್ಲದವರ ಮನೆ ಸೇರುವುದನ್ನು ನೆನೆದು ಕನ್ನಡಕದ ಬಾಯಿಂದ ಅವನ ಅಪ್ಪಣೆಯಿಲ್ಲದೆ ಒಂದು ಮಾತು ಹೊರಬಿತ್ತು: “ನಾನು ಓಡಿಸ್ತೀನಿ ಅತ್ತಿಗೆ.”

ಹೆಂಡತಿಯ ಕೈಯಲ್ಲಿದ್ದ ಚಮಚ ಅರ್ಧ ದಾರಿಯಲ್ಲೇ ನಿಂತಿತು. ಅತ್ತಿಗೆ ಅವನನ್ನು ಬಹಳ ಹೊತ್ತು ನೋಡಿದರು. “ಆಗಲಿ. ನೀನು ಬರೋದಾದ್ರೆ ಮಾರಲ್ಲ,” ಅಂದರು. ಶನಿವಾರ ಸಂಜೆ ಕಾರನ್ನು ಲಾರಿಯಲ್ಲಿ ತರಿಸಿ ನಿಲ್ಲಿಸಿ, ಅಣ್ಣನ ಕಪ್ಪು ಜಾಕೆಟ್ಟು, ಹೆಲ್ಮೆಟ್ಟು ಕೊಟ್ಟು ಹೋದರು.

ಈಗ ಮಾವ ಬಗ್ಗಿ ಹಿಂದಿನ ಚಕ್ರದ ಮೇಲೆ ಅಂಗೈಯಿಟ್ಟಿದ್ದರು, ಜ್ವರ ನೋಡುವ ಡಾಕ್ಟರ ಹಾಗೆ. “ಇವು ಓಟದ ಟೈರು. ತಣ್ಣಗಿದ್ರೆ ಜಾರುತ್ತೆ. ಕಾದ್ರೆ ಅಂಟಿನ ಥರ ನೆಲ ಕಚ್ಚುತ್ತೆ. ನಿಮ್ಮಣ್ಣ ಹೇಗೆ ಕಾಯಿಸ್ತಿದ್ದ, ನೋಡಿದ್ದೀಯಲ್ಲ?”

“ನೋಡಿದ್ದೀನಿ ಮಾವ. ದೂರದಿಂದ.”

ಅಷ್ಟರಲ್ಲಿ ಎದುರುಗಡೆ ಲಾಂಡ್ರಿ ನಡೆಸುವ ಲಾಂಡ್ರಿಯಮ್ಮ ಬಾಗಿಲಿಗೆ ಬಂದರು. “ಕಾಯಿಸೋದು ತಾನೇ? ಕಂಬಳಿ ಹೊದಿಸಿ. ನಮ್ಮನೆಯವರಿಗೆ ಮಂಡಿ ನೋವು ಬಂದಾಗ ನಾನು ಹಾಗೇ ಮಾಡೋದು.”

ಕನ್ನಡಕನಿಗೆ ಯಾರ ಮಾತನ್ನೂ ತೆಗೆದುಹಾಕಿ ಅಭ್ಯಾಸವಿಲ್ಲ. ಒಳಗೆ ಹೋಗಿ ಕಂಬಳಿ ತಂದ. ಹೆಂಡತಿ ಅದು ತನ್ನ ತವರಿನ ಕಂಬಳಿ ಎಂದು ಹಿಂದೆಯೇ ಬಂದಳು. ಎರಡು ಟೈರುಗಳೂ ಬೆಚ್ಚಗೆ ಹೊದ್ದು ಮಲಗಿದವು. ದಾರಿಹೋಕರು ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಿಕೊಂಡು ಹೋದರು.

ಮಾವ ತಲೆ ಚಚ್ಚಿಕೊಂಡರು. “ಅಯ್ಯೋ ಪುಣ್ಯಾತ್ಮ, ಅದು ತಿರುಗಿದ್ರೆ ತಾನೇ ಕಾಯೋದು? ನೆಲ ಒದ್ದೆ ಮಾಡು. ಮುಂದಿನ ಚಕ್ರದ ಬ್ರೇಕ್ ಹಿಡಿದಿಡೋ ಗುಂಡಿ ಒಂದಿದೆ, ಅದನ್ನ ಒತ್ಕೋ. ಎರಡನೇ ಗೇರು. ಆಕ್ಸಿಲರೇಟರ್ ಜೋರಾಗಿ ತುಳಿದು ಕ್ಲಚ್ಚು ಪಟ್ಟಂತ ಬಿಡು. ಗಾಡಿ ನಿಂತಿರುತ್ತೆ, ಹಿಂದಿನ ಚಕ್ರ ಮಾತ್ರ ಸುತ್ತುತ್ತೆ.”

ಕನ್ನಡಕ ಒಳಗೆ ಕೂತ. ಮಂಡಿ ಸ್ಟೇರಿಂಗಿಗೆ ತಗುಲಿತು. ಅಣ್ಣ ತನಗಿಂತ ಎತ್ತರ. ಸೀಟು ಇಷ್ಟು ಮುಂದಕ್ಕೆ ಯಾಕಿದೆಯೋ ತಿಳಿಯಲಿಲ್ಲ. ಹಿಂದಕ್ಕೆ ತಳ್ಳಿ ಕೂತ. ಗುಂಡಿ ಒತ್ತಿ, ಗೇರು ಹಾಕಿ, ಕ್ಲಚ್ಚನ್ನು ಗಾಜು ಕೂರಿಸುವಷ್ಟು ನಾಜೂಕಾಗಿ ಬಿಟ್ಟ. ಸುಟ್ಟ ವಾಸನೆ ಬಂತು. ಕಾರು ಕೆಮ್ಮಿ ನಿಂತಿತು.

“ಕಾದಿದ್ದು ಟೈರಲ್ಲ, ಕ್ಲಚ್ಚು,” ಅಂದರು ಮಾವ. “ಯೋಚನೆ ಮಾಡ್ಕೊಂಡು ಬಿಡಬೇಡ. ಬಿಡು ಅಂದ್ರೆ ಬಿಟ್ಟುಬಿಡು.”

ಈ ಸಲ ಕಣ್ಣು ಮುಚ್ಚಿ ಬಿಟ್ಟುಬಿಟ್ಟ. ಚಕ್ರಗಳು ಬುಸುಗುಟ್ಟುತ್ತ ಸುತ್ತಿದವು. ಮಾವ ಸುರಿದಿದ್ದ ಎರಡು ಬಕೆಟ್ ನೀರು, ಬೀದಿಯ ಒಂದು ವರ್ಷದ ಧೂಳಿನ ಸಮೇತ, ಹಿಂದಕ್ಕೆ ಹಾರಿತು. ಹಿಂದೆ ಹಗ್ಗದ ಮೇಲೆ ಲಾಂಡ್ರಿಯಮ್ಮ ವಸತಿಗೃಹದ ಬಿಳಿ ಹಾಸುಗಳನ್ನು ಒಣಗಹಾಕಿದ್ದರು. ಈಗ ಅವು ಬಿಳಿಯಾಗಿ ಉಳಿದಿರಲಿಲ್ಲ.

ಲಾಂಡ್ರಿಯಮ್ಮ ಕೂಗಾಡಲಿಲ್ಲ, ಅದೇ ಭಯ ಹುಟ್ಟಿಸಿದ್ದು. “ಬಾಪ್ಪಾ ಇಲ್ಲಿ,” ಅಂದರು. ಮುಂದಿನ ಅರ್ಧ ದಿನ ಕನ್ನಡಕ ಅವರ ಕಲ್ಲಿನ ತೊಟ್ಟಿಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಹಾಸುಗಳನ್ನು ತುಳಿದ. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: “ನಿಮ್ಮಣ್ಣ ಆಗಿದ್ರೆ…” ಅಣ್ಣ ಆಗಿದ್ದರೆ ಏನು ಮಾಡುತ್ತಿದ್ದ ಎಂದು ಯಾರೂ ಪೂರ್ತಿ ಹೇಳಲಿಲ್ಲ. ಇಡೀ ಬದುಕು ಹಾಗೇ ಆಗಿದೆ ಎಂದು ತುಳಿಯುತ್ತ ತುಳಿಯುತ್ತ ಅವನಿಗೆ ಅನ್ನಿಸಿತು. ಅಪ್ಪನೂ ಈ ವಾಕ್ಯವನ್ನು ಅರ್ಧಕ್ಕೇ ಬಿಡುತ್ತಿದ್ದರು. ಉಳಿದರ್ಧವನ್ನು ಯಾವಾಗಲೂ ತಾನೇ ತುಂಬಿಕೊಂಡಿದ್ದ.

ರನ್‌ವೇಗೆ ಹೊರಡುವ ಹೊತ್ತಿಗೆ ಇಡೀ ಬೀದಿ ಲಾಂಡ್ರಿಯ ವ್ಯಾನಿನಲ್ಲಿ ತುಂಬಿಕೊಂಡು ಅವನ ಹಿಂದೆ ಬಂತು. ಹೆಂಡತಿಯೂ ಅದರಲ್ಲೇ. ಕಾರಿನಲ್ಲಿ ಕೂರು ಎಂದಿದ್ದಕ್ಕೆ, “ವ್ಯಾನೇ ಬೇಗ ಹೋಗುತ್ತೆ,” ಅಂದಿದ್ದಳು.

ಓಟ ಶುರುವಾಗುವ ಕಡೆಯಿಂದ ರನ್‌ವೇ ಕೊನೆಯ ಶೆಡ್ಡಿನವರೆಗೂ ಒಂದು ಗಿಡ್ಡ ಗೋಡೆ, ಈ ತುದಿಯಲ್ಲಿ ಅದರ ಮುಂದೆ ನೀರು ಸುರಿದ ಒದ್ದೆ ಜಾಗ, ಪಕ್ಕದಲ್ಲಿ ಬಾವುಟ ಹಿಡಿದ ಮುದುಕ. ಜನ ದೂರದ ಹಗ್ಗದಾಚೆ ನಿಂತಿದ್ದರು. ಅತ್ತಿಗೆ ಎಲ್ಲೂ ಕಾಣಲಿಲ್ಲ. ನೋಡಲಾರದೆ ಬಂದಿಲ್ಲವೇನೋ ಎಂದುಕೊಂಡು ಕನ್ನಡಕ ಹೆಲ್ಮೆಟ್ಟು ಹಾಕಿಕೊಂಡ. ಒದ್ದೆ ಜಾಗದ ಮೇಲೆ ಕಾರು ನಿಲ್ಲಿಸಿ, ಗುಂಡಿ ಒತ್ತಿ, ಎರಡನೇ ಗೇರು ಹಾಕಿ, ಆಕ್ಸಿಲರೇಟರ್ ತುಳಿದು, ಕ್ಲಚ್ಚು ಬಿಟ್ಟುಬಿಟ್ಟ.

ಚಕ್ರ ಕಿರುಚಿತು. ನೀರು ಆವಿಯಾಯಿತು, ಆಮೇಲೆ ರಬ್ಬರಿನ ಬಿಳಿ ಹೊಗೆ ಎದ್ದು ಕಾರನ್ನೂ ಗೋಡೆಯನ್ನೂ ನುಂಗಿತು. ದೂರದಲ್ಲಿ ಮಾವನ ಗಂಟಲು, “ಅಣ್ಣನ ಹೊಗೆನೇ ಕಣ್ರೋ,” ಎಂದು ಸಾರಿತು. ಟೈರು ಕಾದಿತ್ತು. ಇನ್ನು ಗುಂಡಿ ಬಿಟ್ಟು, ಮುಂದೆ ಸರಿದು, ಗೆರೆಯ ಮೇಲೆ ನಿಂತು, ಬಾವುಟ ಬಿದ್ದೊಡನೆ ಹಾರಬೇಕು. ಅವನು ಮತ್ತೆ ಕ್ಲಚ್ಚು ತುಳಿದು ನ್ಯೂಟ್ರಲ್‌ಗೆ ತಂದ. ಅಲ್ಲಿಗೆ ಅವನ ಎಡಗಾಲು ಹೊಲಿಗೆ ಯಂತ್ರದ ಸೂಜಿಯಂತೆ ಕುಣಿಯತೊಡಗಿತು. ಎಷ್ಟು ಗದರಿಸಿದರೂ ನಿಲ್ಲಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಅವನು ತೊಟ್ಟಿದ್ದಂಥದೇ ಕಪ್ಪು ಜಾಕೆಟ್ಟು, ಅಂಥದೇ ಹೆಲ್ಮೆಟ್ಟು. ಮುಖದ ಗಾಜು ಮೇಲೆದ್ದಿತು. ಅತ್ತಿಗೆ.

“ಇಳಿ. ಹೊಗೆ ಹೋಗೋಕೆ ಮುಂಚೆ ಇಳಿ.”

“ಅತ್ತಿಗೆ, ನೀವು…”

“ನಿಮ್ಮಣ್ಣನೂ ಇಲ್ಲೀತನಕ ಚೆನ್ನಾಗೇ ತರೋರು. ಇಲ್ಲಿಂದ ಮುಂದೆ ನಾನು. ಗೋಡೆ ಹಿಂದೆ ಹೋಗು. ಆಮೇಲೆ ಆ ಕೊನೆ ಶೆಡ್ಡಿನ ಹತ್ತಿರ ಬಾ.”

ಅವರು ಕೂತು, ಸೀಟು ಮುಂದಕ್ಕೆಳೆದುಕೊಂಡು, ಬಾಗಿಲು ಹಾಕಿಕೊಂಡರು. ಕನ್ನಡಕ ತೆವಳುತ್ತ ಗೋಡೆ ಹಿಂದೆ ಸೇರಿದ. ಬಾವುಟದ ಮುದುಕ ಕೆಮ್ಮುತ್ತ ಬೆನ್ನು ತಿರುಗಿಸಿ ನಿಂತಿದ್ದ. ತಿರುಗದೆಯೇ ಮೆಲ್ಲಗೆ ಹೇಳಿದ: “ಇನ್ನೂ ಸ್ವಲ್ಪ ಬಗ್ಗು. ನಿಮ್ಮಣ್ಣ ಇನ್ನೂ ಬಗ್ತಿದ್ದ.”

ಕನ್ನಡಕ ಬಗ್ಗಿದ. ಕೆಂಪು ಕಾರು ಹೊಗೆ ಸೀಳಿಕೊಂಡು ಹೊರಟ ಸದ್ದಿಗೆ ಗೋಡೆ ನಡುಗಿತು. ಇಷ್ಟು ವರ್ಷ ಊರೆಲ್ಲ ಹೊಗಳಿದ ಹುಲಿ ಪ್ರತಿ ಭಾನುವಾರ ಇಲ್ಲಿ, ಇದೇ ಮಣ್ಣಲ್ಲಿ, ಮಂಡಿಯೂರಿ ಕೂತಿತ್ತು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬದುಕಿದ್ದಾಗ ಒಂದು ದಿನವೂ ಅಣ್ಣ ಇಷ್ಟು ಹತ್ತಿರದವನೆಂದು ಅನ್ನಿಸಿರಲಿಲ್ಲ. ಒಂದು ಮಾತು ಹೇಳಿದ್ದರೆ ಇಬ್ಬರೂ ಸೇರಿ ಹೆದರಬಹುದಿತ್ತಲ್ಲ ಎಂದು ಮಾತ್ರ ದುಃಖವಾಯಿತು.

ಗೋಡೆಯ ಮರೆಯಲ್ಲಿ ಓಡಿ, ಏದುಸಿರು ಬಿಡುತ್ತ ಶೆಡ್ಡು ತಲುಪಿದಾಗ ಅತ್ತಿಗೆ ಹೆಲ್ಮೆಟ್ಟು, ಜಾಕೆಟ್ಟುಗಳನ್ನು ಚೀಲಕ್ಕೆ ತುಂಬಿ, ಕೂದಲು ಸರಿಮಾಡಿಕೊಳ್ಳುತ್ತಿದ್ದರು. ಮುಖ ಹದಿನೆಂಟರ ಹುಡುಗಿಯಂತೆ ಹೊಳೆಯುತ್ತಿತ್ತು.

“ಗೆದ್ವಿ,” ಅಂದರು.

“ಯಾವತ್ತಿಂದ ಅತ್ತಿಗೆ?”

“ಮೊದಲನೇ ದಿನದಿಂದ. ಅವತ್ತೂ ಅವರ ಕಾಲು ಹೀಗೇ ನಡುಗ್ತು. ನಾನು ಕೂತೆ. ಮುಗಿದ ಮೇಲೆ ನಿಜ ಹೇಳೋಣ ಅಂತ ಅವರು ಬಾಯಿ ತೆಗೆದ್ರು. ಅಷ್ಟರಲ್ಲಿ ನಿಮ್ಮಪ್ಪ ಬಂದು ತಬ್ಬಿಕೊಂಡುಬಿಟ್ರು. ಅಲ್ಲೀತನಕ ಒಂದ್ಸಲನೂ ತಬ್ಬಿಕೊಂಡಿರ್ಲಿಲ್ವಂತೆ. ಆಮೇಲೆ ಹೇಗೆ ಹೇಳೋದು?”

“ನಿಮಗೆ ಬೇಜಾರಾಗ್ಲಿಲ್ವಾ?”

“ಚಪ್ಪಾಳೆ ಅವರಿಗೆ, ಸ್ಟೇರಿಂಗು ನನಗೆ. ಇಬ್ಬರಿಗೂ ಬೇಕಾದ್ದು ಸಿಕ್ತಿತ್ತು.” ಅವರು ಚೀಲದ ಬಾಯಿ ಬಿಗಿದು ಕಟ್ಟಿದರು. “ಈಗ ನಾನೇ ಎದುರಿಗೆ ಬಂದು ಓಡಿಸಿದ್ರೆ ಜನ ಹಳೇದನ್ನೂ ಕೆದಕ್ತಾರೆ. ಉತ್ತರ ಕೊಡೋಕೆ ಅವರಿಲ್ಲ.”

ವ್ಯಾನು ಬಂದು ನಿಂತಿತು. ಕನ್ನಡಕ ಆ ಕ್ಷಣವೇ ತೀರ್ಮಾನಿಸಿದ: ಅಣ್ಣನ ಮಾತು ಹಾಗಿರಲಿ, ತನ್ನ ಪಾಲಿನ ನಿಜವನ್ನು ಹೇಳಿಬಿಡಬೇಕು. ಇಂದಿನ ಕಾರು ತಾನು ಓಡಿಸಿದ್ದಲ್ಲ, ಅಷ್ಟೇ. ಮೊದಲು ಇಳಿದ ಮಾವನ ಕಣ್ಣು ತುಂಬಿತ್ತು. “ಇಲಿ ಅಂತಿದ್ದೆ ಕಣಪ್ಪಾ. ತಪ್ಪಾಯ್ತು.” ಲಾಂಡ್ರಿಯಮ್ಮ ಹಾಸಿನ ಮಾತನ್ನೇ ಎತ್ತಲಿಲ್ಲ.

“ಮಾವ, ಒಂದು ವಿಷ್ಯ…” ಎಂದು ಕನ್ನಡಕ ಬಾಯಿ ತೆಗೆದ.

ಅಷ್ಟರಲ್ಲಿ ಹೆಂಡತಿ ಜನರನ್ನು ಸರಿಸಿಕೊಂಡು ಬಂದಳು. ಎಲ್ಲರೆದುರಿಗೆ ಅವನ ಕೈ ಹಿಡಿದುಕೊಂಡಳು. ಬಿಡಲಿಲ್ಲ.

ಅವನು ಬಾಯಿ ಮುಚ್ಚಿದ.

ಮನೆಗೆ ಹೋಗುವಾಗ ಅವಳು ವ್ಯಾನು ಹತ್ತಲಿಲ್ಲ, ಅವನ ಪಕ್ಕ ಕೂತಳು. ಅವನು ಎಂದಿನಂತೆ ರಸ್ತೆಯ ಅಂಚು ಹಿಡಿದು ಓಡಿಸಿದ. ಮೊದಲು ವ್ಯಾನು, ಆಮೇಲೆ ಎರಡು ಸೈಕಲ್ಲು ಅವರನ್ನು ದಾಟಿ ಹೋದವು.

“ಭಾವನೂ ರಸ್ತೇಲಿ ಹೀಗೇ ನಿಧಾನ ಅಂತೆ,” ಅಂದಳು ಹೆಂಡತಿ ಅಭಿಮಾನದಿಂದ. “ಅಕ್ಕ ಹೇಳಿದ್ರು. ನಿಜವಾಗಿ ಓಡಿಸೋಕೆ ಬರೋರು ಎಲ್ಲಾ ಕಡೆ ತೋರಿಸ್ಕೊಳ್ಳಲ್ಲ ಅಂತ.”

“ಹೌದಾ?”

“ಹೂಂ. ಮುಂದಿನ ಭಾನುವಾರಕ್ಕೂ ನಿಮ್ಮ ಹೆಸರು ಕೊಟ್ಟಿದ್ದೀನಿ. ಅಕ್ಕನೇ ಕೊಡು ಅಂದ್ರು.” ಅವಳು ಒಂದಿಷ್ಟು ಯೋಚಿಸಿ ಮುಂದುವರಿಸಿದಳು, “ಆದ್ರೆ ಈ ಸಲ ದೂರದ ಹಗ್ಗದ ಹತ್ತಿರ ಅಲ್ಲ. ನಂಗೆ ಹತ್ತಿರದಿಂದ ನೋಡ್ಬೇಕು. ಆ ಬಾವುಟದ ತಾತನ್ನ ಕೇಳಿದ್ದೀನಿ. ಗಿಡ್ಡ ಗೋಡೆ ಹಿಂದೆ ಒಂದು ಒಳ್ಳೆ ಜಾಗ ಇದ್ಯಂತೆ.”