ಚೀಟಿಯಲ್ಲಿ ಕೆಟ್ಟ ಜನರೇಟರ್

ವಿಪತ್ತನ್ನು ಕಲ್ಪಿಸಿಕೊಳ್ಳುವುದರಲ್ಲಿ ನನ್ನಷ್ಟು ಸುಖಪಡುವವರು ಕಡಿಮೆ. ಮನೆಯಿಂದ ಹೊರಟು ಬಸ್ ಹತ್ತುವಷ್ಟರಲ್ಲಿ ನಾನು ಗ್ಯಾಸ್ ಬಂದ್ ಮಾಡದೆ, ಅಡುಗೆಮನೆ ಹೊತ್ತಿಕೊಂಡು, ಊರವರು ಕೊಡಪಾನ ಹಿಡಿದು ಓಡಿಬಂದಾಗಿರುತ್ತದೆ. ಹೆಂಡತಿಗೆ ಫೋನ್ ಮಾಡಿದರೆ, "ಇವತ್ತು ಒಲೆಯೇ ಹಚ್ಚಲಿಲ್ಲ, ಅವಲಕ್ಕಿ ತಿಂದದ್ದು ನೆನಪಿಲ್ವಾ?" ಎನ್ನುತ್ತಾಳೆ.

ಆದ್ದರಿಂದ ಸಿದ್ಧಕಟ್ಟೆಯಲ್ಲಿ ನಾನು ಕಾರ್ಯದರ್ಶಿಯಾಗಿರುವ ಹಾಲಿನ ಸೊಸೈಟಿಗೆ ಹೊಸ ಶೀತಲ ಯಂತ್ರ ಬೇಕಾದರೆ ಮೊದಲು 'ಟೇಬಲ್ ಟಾಪ್' ನಡೆಸಿ ತೋರಿಸಬೇಕು ಎಂದು ಮೇಲಿನಿಂದ ಕಾಗದ ಬಂದಾಗ ನಾನು ಕುಣಿಯುವುದೊಂದು ಬಾಕಿ. ಟೇಬಲ್ ಟಾಪ್ ಎಂದರೆ ನಿಜವಾಗಿ ಏನೂ ಮಾಡದೆ, ಮೇಜಿನ ಸುತ್ತ ಕುಳಿತು, ಅನಾಹುತ ಆಗಿಯೇಬಿಟ್ಟಿದೆ ಎಂದುಕೊಂಡು ಯಾರು ಏನು ಮಾಡುತ್ತೀರಿ ಎಂದು ಹೇಳುವುದು. ಯಂತ್ರ ಸಿಗುವುದೂ ಬಿಡುವುದೂ ನೋಡಲು ಬರುವ ಅಧಿಕಾರಿಯ ವರದಿಯ ಮೇಲೆ. ವಾರವಿಡೀ ಕುಳಿತು ಚೀಟಿಗಳಲ್ಲಿ ಅನಾಹುತಗಳನ್ನು ಬರೆದೆ. ಅಷ್ಟು ಸಂತೋಷದ ವಾರ ಇತ್ತೀಚೆಗೆ ಕಂಡಿರಲಿಲ್ಲ.

ಆ ದಿನ ಎಲ್ಲರ ಮೊಬೈಲನ್ನೂ ಬಾಯಿ ಮುಚ್ಚಿಸಿ ಇಡಲು ಹೇಳಿ, ಮಾದರಿಯಾಗಿ ನನ್ನದನ್ನು ಡ್ರಾಯರಿನೊಳಗೆ ಹಾಕಿದೆ. ಮೊದಲ ಚೀಟಿ ಓದಿದೆ: ಎರಡು ದಿನದಿಂದ ಕರೆಂಟಿಲ್ಲ, ಸೇತುವೆ ಮುಳುಗಿದೆ, ಹಾಲಿನ ಗಾಡಿ ಬಂದಿಲ್ಲ.

"ಯಾವ ಸೇತುವೆ?" ಎಂದರು ಅಧ್ಯಕ್ಷರಾದ ಸಂಜೀವಣ್ಣ.

"ನಮ್ಮದೇ."

"ಅದು ಮುಳುಗ್ಲಿಕ್ಕಿಲ್ಲ ಮಾರಾಯ."

"ಮುಳುಗಿದೆ ಅಂತ ಇಟ್ಟುಕೊಳ್ಳಿ."

"ಹಾಗೆಲ್ಲ ಇಟ್ಟುಕೊಳ್ಳಲಿಕ್ಕೆ ಆಗುದಿಲ್ಲ. ಈಗಷ್ಟೇ ಅದರ ಮೇಲೆ ಬಂದವ ನಾನು."

ಮೈಸೂರು ಕಡೆಯ ಆ ಅಧಿಕಾರಿ ಏನೋ ಬರೆದುಕೊಂಡರು. ನನ್ನ ಶೀತಲ ಯಂತ್ರ ಕಣ್ಣೆದುರೇ ಕರಗತೊಡಗಿತು. ಗಾಬರಿಯಲ್ಲಿ ಎರಡನೇ ಚೀಟಿ ಓದಿದೆ: ಜನರೇಟರ್ ಕೆಟ್ಟಿದೆ.

ಆಗ ಹಾಲು ಪರೀಕ್ಷಿಸುವ ಲೀಲಕ್ಕ ಎದ್ದು ಕಿಟಕಿಯ ಬಳಿ ಹೋದಳು. ಸೆರಗಿನ ಮರೆಯಿಂದ ಮೊಬೈಲ್ ತೆಗೆದು ತುಳುವಿನಲ್ಲಿ ತನ್ನ ಭಾವನಿಗೆ, ಅಂದರೆ ಅಕ್ಕನ ಗಂಡ, ಮೀನು ಮಾರುವ ಜಯಣ್ಣನಿಗೆ, ಸೊಸೈಟಿಯಲ್ಲಿ ಎರಡು ದಿನದಿಂದ ಕರೆಂಟಿಲ್ಲ, ಇದ್ದಷ್ಟು ಐಸ್ ತೆಗೆದುಕೊಂಡು ಬನ್ನಿ ಎಂದಳು. ದನಿ ನಡುಗುತ್ತಿತ್ತು. ಅಧಿಕಾರಿಗೆ ತುಳು ಬಾರದು. ನನಗೆ ಬರುತ್ತದೆ, ಆದರೆ ಅಭಿನಯ ಎಂದುಕೊಂಡೆ. "ನೋಡಿ ಸರ್, ಎಷ್ಟು ಸಹಜ" ಎಂದೂ ಹೇಳಿದೆ. ನಮ್ಮ ಕಡೆ ಕಷ್ಟ ಎಂದ ಕೂಡಲೇ ಕೈ ತಾನಾಗಿ ಯಾರಾದರೊಬ್ಬ ಭಾವನಿಗೆ ಫೋನ್ ಮಾಡುತ್ತದೆ. ಕಷ್ಟ ನಿಜವೋ ಚೀಟಿಯದ್ದೋ ಎಂದು ಕೈ ವಿಚಾರಿಸುವುದಿಲ್ಲ.

ಅರ್ಧ ಗಂಟೆಯಲ್ಲಿ ಜಯಣ್ಣನ ಮೀನಿನ ಪಿಕಪ್ ಅಂಗಳಕ್ಕೆ ಬಂತು. ಬಂಗುಡೆಯ ವಾಸನೆಗೆ ಹಿಂದೆಯೇ ಐದು ಬೆಕ್ಕುಗಳು ಬಂದವು. ಲೀಲಕ್ಕನ ಪ್ರಕಾರ ಬೆಕ್ಕು ಒಂದೇ, ಅದೂ ಸೊಸೈಟಿಯದ್ದೇ. ಇರಬಹುದು. ಈ ಕತೆಯನ್ನು ನಾನು ಇದು ಐದನೇ ಸಲ ಹೇಳುತ್ತಿರುವುದು.

ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಜಯಣ್ಣ ಬಹಳ ಹೊತ್ತು ನೋಡಿದ. "ಕರೆಂಟ್ ಉಂಟಲ್ಲ?"

"ಇಲ್ಲ ಅಂತ ಇಟ್ಟುಕೊಂಡದ್ದು" ಎಂದರು ಸಂಜೀವಣ್ಣ. ಅಷ್ಟರಲ್ಲಿ ಅವರಿಗೆ ಆಟ ಅರ್ಥವಾಗಿತ್ತು.

"ನಿಮಗೆ ಬೇರೆ ಕೆಲಸ ಇಲ್ವಾ? ಪುಂಜಾಲಕಟ್ಟೆಯಲ್ಲಿ ಆ ಐಸ್‌ಕ್ರೀಮ್ ಮಾಡುವ ಜನ, ಪಾಪ, ನಿಜವಾಗಿ ಕರೆಂಟಿಲ್ಲದೆ ಕೂತಿದೆ. ನಾಳೆ ಮದುವೆಯ ಆರ್ಡರ್. ಅವನಿಗೆ ಕೊಡ್ತೇನೆ ಅಂತ ಹೇಳಿದ ಐಸ್ ಇದು. ಹಾಲು ಹಾಳಾಗ್ತದಲ್ಲ ಅಂತ ಇಲ್ಲಿಗೆ ತಿರುಗಿಸಿದೆ."

ಪುಂಜಾಲಕಟ್ಟೆಯಲ್ಲಿ ಐಸ್‌ಕ್ರೀಮ್ ಮಾಡುವ ಒಬ್ಬನನ್ನು ನಾನು ಬಲ್ಲೆ. ಹೆಂಡತಿಯ ತಮ್ಮ. ಡ್ರಾಯರ್ ಎಳೆದೆ. ಅವನ ಹನ್ನೊಂದು ಕರೆಗಳು ಬಂದು ಹೋಗಿದ್ದವು. ತಿರುಗಿ ಫೋನ್ ಮಾಡಿದೆ.

"ಭಾವ, ಎಲ್ಲಿದ್ದೀರಿ?" ಎಂದ, ಅಳುವುದೊಂದು ಬಾಕಿ. "ನನ್ನ ಜನರೇಟರ್ ಕೈಕೊಟ್ಟಿತು. ನಿಮ್ಮ ಸೊಸೈಟಿಯದ್ದು ಒಂದು ದಿವಸದ ಮಟ್ಟಿಗೆ ಸಿಗ್ತದಾ?"

"ಅದು ಕೆಟ್ಟಿದೆ" ಎಂದುಬಿಟ್ಟೆ. ವಾರವಿಡೀ ಚೀಟಿ ಬರೆದವನ ಬಾಯಿಗೆ ಬೇರೇನು ಬರುತ್ತದೆ? ಲೀಲಕ್ಕ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, "ಕೆಡಲಿಲ್ಲ, ಈಗಲೇ ಕಳಿಸ್ತೇವೆ" ಎಂದಳು. ಸಂಜೀವಣ್ಣ ಒಪ್ಪಿ ತಲೆಯಾಡಿಸಿದರು. ಅಧಿಕಾರಿಯೂ ಪೆನ್ನು ಜೇಬಿಗೆ ಸಿಕ್ಕಿಸಿ ಒಂದು ಕೈ ಹಚ್ಚಿದರು. ಹಿತ್ತಲಲ್ಲಿ ಆರೋಗ್ಯವಾಗಿದ್ದ ಜನರೇಟರ್ ಐಸಿನ ಪಕ್ಕದಲ್ಲಿ ಕುಳಿತು, ಮುಳುಗಿದ್ದ ಸೇತುವೆಯ ಮೇಲೆಯೇ ಹೊರಟಿತು. ಮರುದಿನ ಮದುವೆಯಲ್ಲಿ ಐಸ್‌ಕ್ರೀಮ್ ಗಟ್ಟಿಯಾಗಿಯೇ ಇತ್ತು. ನಾನು ಮೂಸಿಯೇ ತಿಂದೆ, ಬಂಗುಡೆ ಇರಲಿಲ್ಲ.

ವರದಿಯೂ ಬಂತು, ಹಿಂದೆಯೇ ಶೀತಲ ಯಂತ್ರವೂ ಬಂತು. "ಪರ್ಯಾಯ ವ್ಯವಸ್ಥೆ ಅರ್ಧ ಗಂಟೆಯೊಳಗೆ ಸ್ಥಳಕ್ಕೆ ತಲುಪಿತು. ಕಾರ್ಯದರ್ಶಿಯವರು ಮಾತ್ರ ಸಂಪರ್ಕಕ್ಕೆ ಸಿಗಲಿಲ್ಲ" ಎಂದು ಅದರಲ್ಲಿತ್ತು. ಹಾಗಾಗಿ ಯಂತ್ರದ ಮೇಲೆ ತುರ್ತು ನಂಬರುಗಳ ಪಟ್ಟಿಯೊಂದನ್ನು ಲೀಲಕ್ಕ ಅಂಟಿಸಿದ್ದಾಳೆ. ಮೊದಲನೆಯದು ಜಯಣ್ಣನದ್ದು. ಕೊನೆಯಲ್ಲಿ ನನ್ನ ಹೆಸರು. ಅದರ ಮುಂದೆ ನನ್ನ ಹೆಂಡತಿಯ ನಂಬರ್. ಮನೆಯಲ್ಲಿಯೂ ವ್ಯವಸ್ಥೆ ಹಾಗೆಯೇ ಇರುವುದು.