ಯಾರು, ಯಾರ್ಯಾರು

ನಮ್ಮ ಕಾಕಾ ಒಂಟಿ ಪ್ರಶ್ನೆ ಕೇಳಿದ್ದನ್ನು ಚಿಕ್ಕೋಡಿಯಲ್ಲಿ ಯಾರೂ ಕಂಡವರಿಲ್ಲ. 'ಏನು' ಎಂಬ ಪದ ಅವರ ಬಾಯಲ್ಲಿ 'ಏನೇನು' ಆಗುತ್ತಿತ್ತು, 'ಯಾರು' ಎಂಬುದು 'ಯಾರ್ಯಾರು'. ಊಟ ಮಾಡಿ ಕೈತೊಳೆದವನನ್ನು ನಿಲ್ಲಿಸಿಕೊಂಡು, ಏನೇನು ಉಂಡಿ ಎಂದು ಉಪ್ಪಿನಕಾಯಿಯವರೆಗೂ ಹೇಳಿಸದೆ ಬಿಡುತ್ತಿರಲಿಲ್ಲ.

ಒಮ್ಮೆ ನಿಪ್ಪಾಣಿಯಲ್ಲಿ ಮದುವೆ ಮುಗಿಸಿ ಬಂದೆ.

"ಯಾರ್ಯಾರ ಸಿಕ್ಕಿದ್ರು?"

"ಮಾಮಾ ಸಿಕ್ಕಿದ್ರು ಕಾಕಾ."

"ಒಬ್ಬಾಂವನ? ಯಾಕ, ಲಗ್ನ ಮುಂದಕ್ಕ ಹೋತೇನು?"

ಇಂಥವರ ಅಣ್ಣನ ಮಗನಾದ ನನಗೆ ಸಿಕ್ಕ ಕೆಲಸವಾದರೂ ಎಂಥದ್ದು? ಕೇಳಿದ್ದಕ್ಕೆ ಉತ್ತರ ಹುಡುಕಿ ಕೊಡುವ ಪುಟ್ಟ ಫಂಕ್ಷನ್‌ಗಳನ್ನು ಡೇಟಾಬೇಸ್‌ನಲ್ಲಿ ಬರೆಯುವುದು! ಅಥಣಿ ಕಡೆಯ ಒಂದು ಕೋಲ್ಡ್ ಸ್ಟೋರೇಜಿಗೆ ಅಂಥದ್ದೊಂದನ್ನು ಬರೆದುಕೊಟ್ಟೆ. ರೈತನ ಹೆಸರು ಹಾಕಿದರೆ ಅವನ ಒಣದ್ರಾಕ್ಷಿ ಬಾಕ್ಸುಗಳು ಎಲ್ಲಿವೆ ಎಂದು ತೋರಿಸಬೇಕು. ಮೊದಲು, ದ್ರಾಕ್ಷಿ ಬೆಳೆಯುತ್ತಿದ್ದ ಕಾಕಾನ ಹೆಸರನ್ನೇ ಹಾಕಿ ನೋಡಿದೆ. ಹಲವು ಕೋಣೆಗಳಲ್ಲಿ ಮಾಲು ಇಟ್ಟಿದ್ದ ಮನುಷ್ಯನಿಗೆ ಬಂದದ್ದು ಒಂದೇ ಸಾಲು.

ಕಾಕಾ ಪಕ್ಕದಲ್ಲೇ ಕೂತಿದ್ದರು. "ಲೇ, ಉಳಿದ ಮಾಲ ಇಲಿ ತಿಂದ್ವೇನು? ಏನಂತ ಕೇಳಿದಿ ಅದಕ್ಕ?"

"ಯಾವ ಕೋಣ್ಯಾಗ ಐತಿ ಅಂತ ರೀ."

"ಯಾವ್ಯಾವ ಅಂತ ಕೇಳೋ."

ನಕ್ಕುಬಿಟ್ಟೆ. ಆದರೆ ತಪ್ಪು ಅಲ್ಲೇ ಇತ್ತು. ಸಾಲುಗಳ ಗುಂಪನ್ನು ಕೊಡು ಎಂದು ಬರೆಯಲು ಮರೆತರೆ, ಫಂಕ್ಷನ್ ಮೊದಲ ಸಾಲು ಕೊಟ್ಟು ಸುಮ್ಮನಾಗುತ್ತದೆ, ತಕರಾರನ್ನೂ ಮಾಡುವುದಿಲ್ಲ. ತಿದ್ದಿದೆ. ಸಾಲುಗಳೆಲ್ಲ ಇಳಿದುಬಂದವು. ಕಂಪ್ಯೂಟರಿಗೆ ಮಾತು ಕಲಿಸಿದವನು ತಾನೇ ಎಂದು ಕಾಕಾ ಮಂಗಸೂಳಿಯವರೆಗೂ ಹೇಳಿಕೊಂಡು ತಿರುಗಿದರು.

ಈಗ ಅವರಿಗೆ ಮರೆವಿನ ಕಾಯಿಲೆ. ಹೋದ ವಾರ ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, "ಯಾರ್ರಿ?" ಎಂದರು. ಒಂದೇ ಒಂದು ಯಾರು. ಅದಕ್ಕೆ ಅಂಟಿಕೊಂಡ ಒಂದು 'ರಿ'. ಹುಟ್ಟಿದಾಗಿನಿಂದ ಲೇ ಎಂದವರು ನನಗೆ ರಿ ಎಂದರು. ಯಾರ್ಯಾರು, ಏನೇನು ಎಂದು ಅವರು ಪೀಡಿಸುತ್ತಿದ್ದ ಕಾಲ ನೆನಪಾಯಿತು. ಆಗೆಲ್ಲ ಇನ್ನಷ್ಟು ಹೊತ್ತು ಕೂತು ಹೇಳಬೇಕಿತ್ತು.

ಬರೀ ಹೆಸರು ಹೇಳಲು ಮನಸ್ಸಾಗಲಿಲ್ಲ. "ನಿಮ್ಮ ಅಣ್ಣನ ಮಗ ರೀ. ನಿಮ್ಮ ಸೈಕಲ್ ಮ್ಯಾಲ ಪಾಟಿ ಹಿಡಕೊಂಡು ಸಾಲಿಗೆ ಹೋಗ್ತಿದ್ದಾಂವ. ನಿಮ್ಮ ತ್ವಾಟದಾಗ ದ್ರಾಕ್ಷಿ ಕದ್ದು ತಿಂದಾಂವ. ಲಗ್ನಕ್ಕ ಹೋಗಿ ಮಾಮಾನ ಒಬ್ಬನ್ನ ನೋಡಿ ಬಂದಾಂವ."

ಕಾಕಾ ಎಲ್ಲವನ್ನೂ ಗಮನವಿಟ್ಟು ಕೇಳಿದರು. ಆಮೇಲೆ ನನ್ನ ಬೆನ್ನ ಹಿಂದೆ, ಅಂಗಳದತ್ತ ಇಣುಕಿದರು.

"ಅಷ್ಟೂ ಮಂದಿ ಹೊರಗ ಯಾಕ ನಿಂತಾರ್ರಿ? ಎಲ್ಲಾರ್ನೂ ಒಳಗ ಕರೀರಿ."

ಚಪ್ಪಲಿ ಬಿಟ್ಟು, ನಾನೊಬ್ಬನೇ ಒಳಗೆ ಹೋದೆ.